ಮೂಗಿಗೆ ಹಾಕುವ ನೀರನ್ನು ಕುದಿಸಿದ್ದೀರಾ?

ಡಿಸೆಂಬರ್ ಬಂತೆಂದರೆ ನಮ್ಮ ಗುಂಡ್ಲುಪೇಟೆಯಲ್ಲಿ ಫಜ್ರ್ ನಮಾಝ್‌ಗೆ ಎದ್ದವರ ಸೀನು ಅಕ್ಕಪಕ್ಕದ ನಾಲ್ಕು ಮನೆಗಳಿಗೆ ಕೇಳಿಸುತ್ತದೆ. ನೀಲಗಿರಿ ಕಡೆಯಿಂದ ಬೀಸುವ ಚಳಿಗಾಳಿ ಒಂದೆಡೆಯಾದರೆ, ಊಟಿಗೂ ವಯನಾಡಿಗೂ ಹೋಗುವ ವಾಹನಗಳು ಎಬ್ಬಿಸುವ ಧೂಳು ಇನ್ನೊಂದೆಡೆ. ನನ್ನ ತವರು ಚಾಮರಾಜನಗರದ ಕಡೆ ಕರಿಕಲ್ಲು ಕ್ವಾರಿಗಳ ಧೂಳು ಬೇರೆ. ಮೂಗು ಕಟ್ಟಿಕೊಂಡು ಬಾಯಿ ತೆರೆದು ಮಲಗುವ ಮಕ್ಕಳನ್ನು, ಹಣೆ ಹಿಡಿದುಕೊಂಡು ರೊಟ್ಟಿ ತಟ್ಟುವ ತಾಯಂದಿರನ್ನು ನೀವೂ ನೋಡಿರುತ್ತೀರಿ. ಬಹುಶಃ ಅವರಲ್ಲಿ ನೀವೂ ಒಬ್ಬರು.

ನಾನಂತೂ ಒಬ್ಬಳು. ಕಿವಿ-ಮೂಗು-ಗಂಟಲಿನ ವೈದ್ಯರು ಮಾತ್ರೆಯ ಜೊತೆಗೆ, "ದಿನಾ ಉಪ್ಪುನೀರಿನಿಂದ ಮೂಗು ತೊಳೆದುಕೊಳ್ಳಿ" ಎಂದರು. ನನಗೆ ನಗು ಬಂತು. ದಿನಕ್ಕೆ ಐದು ಬಾರಿ ವುಝೂ ಮಾಡುವವರಿಗೆ ಇದನ್ನೂ ಹೇಳಿಕೊಡಬೇಕೇ? ಮನೆಗೆ ಬಂದವಳೇ ಸೋಲಾರ್ ನಲ್ಲಿಯ ಬೆಚ್ಚನೆಯ ನೀರನ್ನು ಲೋಟಕ್ಕೆ ಹಿಡಿದು, ಅಂದಾಜಿಗೆ ಉಪ್ಪು ಹಾಕಿ ಶುರು ಮಾಡಿದೆ. ಮೂರು ವಾರ ಹೀಗೆಯೇ ನಡೆಯಿತು. ಮೂಗು ಹಗುರವಾಯಿತು, ಸುಳ್ಳು ಹೇಳಲಾರೆ.

ಅಷ್ಟರಲ್ಲಿ ಸುಲ್ತಾನ್ ಬತ್ತೇರಿಗೆ ಮದುವೆಯಾಗಿ ಹೋದ ನನ್ನ ತಂಗಿ ಫೋನ್ ಮಾಡಿದಳು. ಮಾತಿನ ಮಧ್ಯೆ ಇದನ್ನು ಹೇಳಿದ್ದೇ ತಡ, "ಆಪಾ, ನೀರು ಕುದಿಸ್ತೀಯ ತಾನೇ?" ಎಂದು ಕೇಳಿದಳು. ಅದು 2025ರ ಮಾತು. ಕೇರಳದಲ್ಲಿ ಬಾವಿಗಳಿಗೂ ಟ್ಯಾಂಕುಗಳಿಗೂ ಕ್ಲೋರಿನ್ ಹಾಕುವ ಕೆಲಸ ಜೋರಾಗಿ ನಡೆದಿತ್ತು. ಮಿದುಳಿಗೆ ಹತ್ತುವ ಅಮೀಬಾ ರೋಗ 2024ರಲ್ಲೂ 2025ರಲ್ಲೂ ಅಲ್ಲಿ ಹಲವರ ಪ್ರಾಣ ತೆಗೆದಿತ್ತು. ನಾನು ಉತ್ತರಿಸದೆ ಸುಮ್ಮನಾದೆ.

ಕಣ್ಣಿಗೆ ಕಾಣದ ಈ ಜೀವಿಗಳಲ್ಲಿ ಮುಖ್ಯವಾದುದರ ಹೆಸರು ನೇಗ್ಲೇರಿಯ ಫೌಲೆರಿ. ಕೆರೆ, ಹೊಂಡ, ಸರಿಯಾಗಿ ಕ್ಲೋರಿನ್ ಹಾಕದ ಟ್ಯಾಂಕು, ಇಲ್ಲೆಲ್ಲ ಇರಬಲ್ಲದು. ಬೆಚ್ಚನೆಯ ನೀರೆಂದರೆ ಅದಕ್ಕೆ ಬಲು ಇಷ್ಟ. ನೀರನ್ನು ಕುಡಿದರೆ ಇದರಿಂದ ಏನೂ ಆಗುವುದಿಲ್ಲ. ಮೂಗಿನ ಮೇಲ್ಭಾಗಕ್ಕೆ ನೀರು ಏರಿದಾಗ ಮಾತ್ರ ವಾಸನೆಯ ನರವನ್ನು ಹಿಡಿದು ಮಿದುಳಿಗೆ ಹೋಗುತ್ತದೆ. ಹೋದರೆ ಬದುಕುವವರು ತೀರಾ ವಿರಳ. ಅಮೆರಿಕದ ಲೂಸಿಯಾನದಲ್ಲಿ 2011ರಲ್ಲಿ ಇಬ್ಬರು ತೀರಿಕೊಂಡರು. ಇಬ್ಬರೂ ನಲ್ಲಿ ನೀರಿನಿಂದಲೇ ಮೂಗು ತೊಳೆಯುತ್ತಿದ್ದವರು.

ರೋಗ ಬಹಳ ಅಪರೂಪದ್ದು, ಹೆದರಿ ಮೂಗು ತೊಳೆಯುವುದನ್ನೇ ಬಿಡಬೇಕಾಗಿಲ್ಲ. ತಪ್ಪಿಸಿಕೊಳ್ಳುವ ದಾರಿ ನಮ್ಮ ಒಲೆಯ ಮೇಲೆಯೇ ಇದೆ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಯಲಿ. ಊಟಿಯಂತಹ ಎತ್ತರದ ಊರಿನಲ್ಲಿ ನೆಂಟರಿದ್ದರೆ ಅವರಿಗೆ ಮೂರು ನಿಮಿಷ ಎಂದು ಹೇಳಿ, ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಆಮೇಲೆ ಮುಚ್ಚಿಟ್ಟು ಉಗುರುಬೆಚ್ಚಗಾಗಲು ಬಿಡಿ. ಬೇಗ ಆರಲೆಂದು ನಲ್ಲಿಯ ತಣ್ಣೀರು ಬೆರೆಸಿದರೆ ಕುದಿಸಿದ್ದೆಲ್ಲ ವ್ಯರ್ಥ. ಫಿಲ್ಟರ್ ನೀರಾದರೂ ಕುದಿಸುವುದೇ ಕ್ಷೇಮ.

ಉಪ್ಪೇಕೆ ಎಂದು ಅತ್ತೆಯವರು ಕೇಳಿದ್ದರು. ಬರೀ ನೀರು ಮೂಗಿಗೆ ಹೋದರೆ ಚುರುಗುಟ್ಟುತ್ತದೆ. ನಮ್ಮ ದೇಹದ ದ್ರವದಷ್ಟೇ ಉಪ್ಪಿದ್ದರೆ ಉರಿಯುವುದಿಲ್ಲ. ಲೀಟರಿಗೆ 9 ಗ್ರಾಂ, ಅಂದರೆ ಅರ್ಧ ಲೀಟರಿಗೆ ಮುಕ್ಕಾಲು ಟೀ ಚಮಚ, ಗುಡ್ಡೆ ಹಾಕದೆ ಮಟ್ಟಸವಾಗಿ. ಚಿಟಿಕೆ ಅಡುಗೆ ಸೋಡಾ ಸೇರಿಸಿದರೆ ಇನ್ನೂ ಹಿತ. ಅಯೋಡಿನ್ ಉಪ್ಪು ಕೆಲವರಿಗೆ ಉರಿ ತರುತ್ತದೆ. ಅಂಥವರು ಮೆಡಿಕಲ್ ಶಾಪಿನಲ್ಲಿ ಸಿಗುವ ಅಳತೆಯ ಪುಡಿ ಪೊಟ್ಟಣವನ್ನು ಬಳಸಬಹುದು.

ತೊಳೆಯುವುದು ಸುಲಭ. ಸಿಂಕಿನ ಮುಂದೆ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಾಯಿಯಿಂದ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ನಿಧಾನವಾಗಿ ನೀರು ಬಿಡಿ. ಕೆಳಗಿನ ಹೊಳ್ಳೆಯಿಂದ ತಾನಾಗಿ ಇಳಿಯುತ್ತದೆ. ಯೋಗ ಕಲಿಸುವವರು ಜಲನೇತಿ ಎನ್ನುವುದು ಇದನ್ನೇ. ನಂತರ ಜೋರಾಗಿ ಸೀಟಬೇಡಿ, ನೀರು ಕಿವಿಯ ಕಡೆಗೆ ಹೋದೀತು. ನೇತಿ ಪಾತ್ರೆಯನ್ನು ತೊಳೆದು ಪೂರ್ತಿ ಒಣಗಿಸಿಡಿ. ಕಿವಿ ಸೋರುವವರು, ಆಗಾಗ ಮೂಗಿನಿಂದ ರಕ್ತ ಬರುವವರು, ಮೂಗಿನ ಆಪರೇಷನ್ ಆದವರು ವೈದ್ಯರನ್ನು ಕೇಳದೆ ಮಾಡಬಾರದು. ಚಿಕ್ಕ ಮಕ್ಕಳ ವಿಷಯದಲ್ಲೂ ಅಷ್ಟೇ.

ಹಾಗಾದರೆ ವುಝೂವಿನ ನೀರು? ಈ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿನಿಯರೇ ಕೇಳಿದರು. ಕರಾಚಿಯಲ್ಲಿ ಈ ರೋಗದಿಂದ ಸತ್ತವರಲ್ಲಿ ಅನೇಕರು ಎಲ್ಲೂ ಈಜಿದವರಲ್ಲ, ವುಝೂವಿಗೆ ಬಳಸಿದ ನಲ್ಲಿ ನೀರಿನ ಮೇಲೆಯೇ ಅಲ್ಲಿನ ವೈದ್ಯರಿಗೆ ಸಂಶಯ. ಆದ್ದರಿಂದ ಮನೆಯ ಟ್ಯಾಂಕನ್ನೂ ಮಸೀದಿಯ ಹೌಝನ್ನೂ ಆಗಾಗ ತೊಳೆದು ಕ್ಲೋರಿನ್ ಹಾಕಿಸಬೇಕು. ಮೂಗಿಗೆ ನೀರನ್ನು ಚೆನ್ನಾಗಿ ಎಳೆದುಕೊಳ್ಳಬೇಕೆಂದು ಪ್ರವಾದಿ(ಸ)ಯವರು ಕಲಿಸಿದ್ದು ನಿಜ. ಉಪವಾಸದಲ್ಲಿ ಹಾಗೆ ಎಳೆಯಬಾರದೆಂದೂ ಅದೇ ಹದೀಸಿನಲ್ಲಿದೆ. ನೀರಿನ ಬಗ್ಗೆ ಅನುಮಾನವಿದ್ದಲ್ಲಿ ಮೂಗಿನ ತುದಿಯ ಮೆದು ಭಾಗ ಒದ್ದೆಯಾಗುವಷ್ಟು ತೆಗೆದುಕೊಂಡು ಹೊರಗೆ ಬಿಟ್ಟರೆ ಸಾಕೆಂದು ನಾನು ಹುಡುಗಿಯರಿಗೆ ಹೇಳಿದ್ದೇನೆ. ರಮಝಾನಿನಲ್ಲಿ ಉಪ್ಪುನೀರಿನ ಕೆಲಸವನ್ನು ಇಫ್ತಾರ್ ನಂತರಕ್ಕೆ ಇಟ್ಟುಕೊಳ್ಳಿ.

ಇನ್ನೊಂದು ವಿಷಯ ಮರೆಯಬೇಡಿ. ಮೂಗಿಗೆ ಇಂಥ ನೀರು ಹೋದ ಹನ್ನೆರಡು ದಿನಗಳೊಳಗೆ ತೀವ್ರ ತಲೆನೋವು, ಜ್ವರ, ವಾಂತಿ ಬಂದು ಕತ್ತು ಬಿಗಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ ನೀರಿನ ವಿಷಯವನ್ನು ನೀವಾಗಿಯೇ ಹೇಳಿ. 2024ರಲ್ಲಿ ಕೋಝಿಕ್ಕೋಡಿನ 14 ವರ್ಷದ ಹುಡುಗನೊಬ್ಬ ಬದುಕಿ ಉಳಿದ. ಮಗ ಕೊಳದಲ್ಲಿ ಮಿಂದಿದ್ದ ಎಂದು ತಂದೆ ಮೊದಲೇ ತಿಳಿಸಿದ್ದರಿಂದ ಚಿಕಿತ್ಸೆ ಬೇಗ ಶುರುವಾಗಿತ್ತು.

ಈಗ ನಮ್ಮ ಮನೆಯಲ್ಲಿ ಇಶಾ ಆದ ಮೇಲೆ ಸಣ್ಣ ಪಾತ್ರೆಯೊಂದು ಒಲೆಗೆ ಏರುತ್ತದೆ. ಅದರಲ್ಲಿ ಚಹಾ ಮಾಡಬಾರದೆಂದು ಮಕ್ಕಳಿಗೆ ದಿನಾ ಹೇಳಬೇಕಾಗುತ್ತದೆ.