ಕೇಳದೆ ಬಂದ ಹೊಸ ಔಟ್‌ಲುಕ್: ತಡೆಯುವುದು ಹೇಗೆ, ಎಷ್ಟು ದಿನ?

ಒಂದು ಸಣ್ಣ ತೆರಿಗೆ ಸಲಹೆಗಾರರ ಕಚೇರಿಯನ್ನು ಊಹಿಸಿಕೊಳ್ಳಿ. ಅಂದು ತಿಂಗಳ 19ನೇ ತಾರೀಖು. ಮರುದಿನ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನ. ಅಂಗಡಿಯವರೆಲ್ಲ ಬಿಲ್ಲುಗಳನ್ನು ಇಮೇಲ್‌ನಲ್ಲಿ ಕಳಿಸಿದ್ದಾರೆ. ಬೆಳಿಗ್ಗೆ ಗುಮಾಸ್ತರು ಕಂಪ್ಯೂಟರ್ ತೆರೆದರೆ ದಿನವೂ ನೋಡುವ ಇಮೇಲ್ ಪರದೆ ಅಲ್ಲಿಲ್ಲ. ಬೇರೆಯೇ ಬಣ್ಣ, ಬೇರೆಯೇ ಬಟನ್‌ಗಳು. ಹಳೆಯ ವರ್ಷಗಳ ಪತ್ರಗಳಿದ್ದ ಫೋಲ್ಡರ್ ಕಾಣುತ್ತಿಲ್ಲ. ಯಾರೂ ಏನನ್ನೂ ಮುಟ್ಟಿಲ್ಲ, ಆದರೂ ಎಲ್ಲವೂ ಬದಲಾಗಿದೆ.

ಇಂಥ ಬದಲಾವಣೆ ಈಚಿನ ವರ್ಷಗಳಲ್ಲಿ ಜಗತ್ತಿನ ಅನೇಕ ಕಚೇರಿಗಳ ಬಾಗಿಲು ತಟ್ಟಿದೆ. ನಾಳೆ ಲೆಕ್ಕಪತ್ರದ ಕೆಲಸಕ್ಕೆ ಹೋಗಲಿರುವ ನಾವು ಇದನ್ನು ತಿಳಿದಿರುವುದು ಒಳ್ಳೆಯದು.

ಏನು ಬದಲಾಯಿತು?

ಮೈಕ್ರೋಸಾಫ್ಟ್ ಕಂಪನಿಯ ಔಟ್‌ಲುಕ್ 1997ರಿಂದ ಕಚೇರಿಗಳಲ್ಲಿ ಬಳಕೆಯಲ್ಲಿದೆ. ಈಗ ಅದನ್ನು ‘ಕ್ಲಾಸಿಕ್ ಔಟ್‌ಲುಕ್’ ಎಂದು ಕರೆಯುತ್ತಾರೆ. ಅದರ ಜಾಗಕ್ಕೆ ‘ಹೊಸ ಔಟ್‌ಲುಕ್’ ಬಂದಿದೆ. ಹೆಸರು ಒಂದೇ ಆದರೂ ಒಳಗಿನ ರಚನೆ ಬೇರೆ. ಹಳೆಯದು ನಮ್ಮ ಕಂಪ್ಯೂಟರಿನಲ್ಲೇ ನಿಂತು ಕೆಲಸ ಮಾಡುವ ಪ್ರೋಗ್ರಾಂ. ಹೊಸದು ಬ್ರೌಸರಿನಲ್ಲಿ ತೆರೆಯುವ ಔಟ್‌ಲುಕ್ ಪುಟವನ್ನೇ ಆಧರಿಸಿದ್ದು.

ಕಚೇರಿ ಬಳಕೆದಾರರಿಗೆ ಹೊಸ ಔಟ್‌ಲುಕ್ 2024ರ ಆಗಸ್ಟ್ 1ರಂದು ಅಧಿಕೃತವಾಗಿ ಬಂತು. ವಿಂಡೋಸ್ ಜೊತೆ ಉಚಿತವಾಗಿ ಬರುತ್ತಿದ್ದ ಮೇಲ್ ಮತ್ತು ಕ್ಯಾಲೆಂಡರ್ ಆ್ಯಪ್‌ಗಳಿಗೆ 2024ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಿತು. 2025ರ ಜನವರಿಯಿಂದ ಮೈಕ್ರೋಸಾಫ್ಟ್ 365ರ ಬಿಸಿನೆಸ್ ಸ್ಟ್ಯಾಂಡರ್ಡ್ ಮತ್ತು ಪ್ರೀಮಿಯಂ ಚಂದಾದಾರರನ್ನು ತಾನಾಗಿಯೇ ಹೊಸದಕ್ಕೆ ದಾಟಿಸುವ ಕೆಲಸ ಶುರುವಾಯಿತು. 2025ರ ಫೆಬ್ರವರಿ 11ರ ಭದ್ರತಾ ಅಪ್‌ಡೇಟ್ ಜೊತೆಗೆ ವಿಂಡೋಸ್ 10 ಕಂಪ್ಯೂಟರುಗಳಲ್ಲೂ ಹೊಸ ಔಟ್‌ಲುಕ್ ಬಂದು ಕುಳಿತಿತು.

ಇಲ್ಲಿ ಎರಡು ವಿಷಯಗಳನ್ನು ಬೇರೆ ಮಾಡಿ ನೋಡಬೇಕು. ಹೊಸ ಪ್ರೋಗ್ರಾಂ ಬಂದು ಕೂರುವುದು ಒಂದು. ನಮ್ಮನ್ನು ಹಳೆಯದರಿಂದ ಹೊಸದಕ್ಕೆ ದಾಟಿಸುವುದು ಇನ್ನೊಂದು. ಬಂದು ಕುಳಿತ ಮಾತ್ರಕ್ಕೆ ಹಳೆಯದು ಅಳಿಸಿಹೋಗುವುದಿಲ್ಲ. ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ. ಆದ್ದರಿಂದ ಮೊದಲು ಗಾಬರಿ ಬಿಡಬೇಕು. ಸ್ಟಾರ್ಟ್ ಮೆನುವಿನಲ್ಲಿ ಕ್ಲಾಸಿಕ್ ಎಂಬ ಹೆಸರಿನದು ಇದೆಯೇ ಎಂದು ಹುಡುಕಬೇಕು.

ತಡೆಯಬೇಕು ಏಕೆ?

ಹೊಸದೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ಕಚೇರಿಗೆ ಮೂರು ತೊಂದರೆಗಳಿವೆ.

ಮೊದಲನೆಯದು, ಹಳೆಯ ಪತ್ರಗಳು. ಅನೇಕ ಕಚೇರಿಗಳು ಹಳೆಯ ಇಮೇಲ್‌ಗಳನ್ನು ಪಿಎಸ್‌ಟಿ ಎಂಬ ಫೈಲಿನಲ್ಲಿ ಕಟ್ಟಿಡುತ್ತವೆ. ಹೊಸ ಔಟ್‌ಲುಕ್ ಮೊದಮೊದಲು ಈ ಫೈಲನ್ನು ತೆರೆಯುತ್ತಲೇ ಇರಲಿಲ್ಲ. ಆ ಸೌಲಭ್ಯ ನಂತರ ಸ್ವಲ್ಪಸ್ವಲ್ಪವಾಗಿ ಸೇರುತ್ತಾ ಬಂತು.

ಎರಡನೆಯದು, ಜೋಡಣೆಗಳು. ಕಾಮ್ ಆಡ್-ಇನ್ ಎಂಬ ಹಳೆಯ ಮಾದರಿಯ ಜೋಡಣೆಗಳು ಹೊಸದರಲ್ಲಿ ಕೆಲಸ ಮಾಡುವುದಿಲ್ಲ. ಇಮೇಲನ್ನು ನೇರವಾಗಿ ಕಡತಕ್ಕೆ ಸೇರಿಸುವ ಇಂಥದೊಂದು ಜೋಡಣೆಯನ್ನು ನಂಬಿದ ಕಚೇರಿಯಲ್ಲಿ ಆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಮೂರನೆಯದನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ಭಾವಿಸುತ್ತೇನೆ. ಜಿಮೇಲ್, ಯಾಹೂ ಅಥವಾ ಐಮ್ಯಾಪ್ ಮೂಲಕ ಬರುವ ಬೇರೆ ಖಾತೆಗಳನ್ನು ಹೊಸ ಔಟ್‌ಲುಕ್‌ಗೆ ಸೇರಿಸಿದರೆ, ಆ ಪತ್ರಗಳ ಪ್ರತಿಯೊಂದು ಮೈಕ್ರೋಸಾಫ್ಟ್‌ನ ಸರ್ವರ್‌ಗಳಲ್ಲೂ ಸಂಗ್ರಹವಾಗುತ್ತದೆ. ಕಂಪನಿ ಇದನ್ನು ಮುಚ್ಚಿಟ್ಟಿಲ್ಲ, ಖಾತೆ ಸೇರಿಸುವಾಗ ಪರದೆಯ ಮೇಲೆ ತಿಳಿಸುತ್ತದೆ. ಆದರೆ ಅವಸರದಲ್ಲಿ ‘ಮುಂದುವರಿಸಿ’ ಒತ್ತುವ ನಾವು ಅದನ್ನು ಓದುವುದಿಲ್ಲ.

ನಮ್ಮಂಥ ಉರ್ದು ಮಾತನಾಡುವ ಮನೆಗಳಲ್ಲಿ ‘ಅಮಾನತ್’ ಎಂದರೆ ಒಬ್ಬರು ನಂಬಿ ನಮ್ಮ ಕೈಗೆ ಒಪ್ಪಿಸಿದ ವಸ್ತು. ಅದನ್ನು ಹೇಗಿತ್ತೋ ಹಾಗೆ ಕಾಪಾಡಬೇಕು. ಕನ್ನಡ ಪತ್ರಿಕೆಯಲ್ಲಿ ‘ನೌಕರ ಅಮಾನತು’ ಎಂದು ಮೊದಲ ಸಲ ಓದಿದಾಗ ನನಗೆ ಅರ್ಥವೇ ಆಗಿರಲಿಲ್ಲ. ಲೆಕ್ಕಪತ್ರದ ಕಚೇರಿಗೆ ಬರುವ ಪ್ಯಾನ್ ಪ್ರತಿ, ಬ್ಯಾಂಕ್ ವಿವರ, ಸಂಬಳದ ಪಟ್ಟಿ ಎಲ್ಲವೂ ಗ್ರಾಹಕರ ಅಮಾನತ್. ಅದು ಎಲ್ಲಿ ಇರಬೇಕು ಎಂಬುದನ್ನು ಕಚೇರಿ ಯೋಚಿಸಿ ತೀರ್ಮಾನಿಸಬೇಕು. ಮೊದಲನೆಯ ಅಮಾನತ್ ಕಾಪಾಡದಿದ್ದರೆ ಎರಡನೆಯ ಅಮಾನತು ತಪ್ಪಿದ್ದಲ್ಲ!

ತಡೆಯುವುದು ಹೇಗೆ?

ಮೊದಲು ಒಂದು ಎಚ್ಚರಿಕೆ. ಕಚೇರಿಯ ಕಂಪ್ಯೂಟರ್ ಕಚೇರಿಯದು, ನಮ್ಮದಲ್ಲ. ಮುಖ್ಯಸ್ಥರ ಅಥವಾ ಕಂಪ್ಯೂಟರ್ ನೋಡಿಕೊಳ್ಳುವವರ ಒಪ್ಪಿಗೆ ಇಲ್ಲದೆ ಕೆಳಗಿನ ಯಾವುದನ್ನೂ ಮಾಡಬಾರದು.

1. ಹಳೆಯ ಪತ್ರಗಳ ಪ್ರತಿ ತೆಗೆದಿಡಿ. ಕ್ಲಾಸಿಕ್ ಔಟ್‌ಲುಕ್‌ನ ಫೈಲ್ ಮೆನುವಿನಲ್ಲಿ ಓಪನ್ ಆ್ಯಂಡ್ ಎಕ್ಸ್‌ಪೋರ್ಟ್ ಎಂಬುದಿದೆ. ಅದರಿಂದ ಪಿಎಸ್‌ಟಿ ಫೈಲ್ ಮಾಡಿ ಬೇರೆ ಡಿಸ್ಕ್‌ನಲ್ಲಿ ಇಡಿ.

2. ಆಗಲೇ ಹೊಸದಕ್ಕೆ ದಾಟಿಸಿದ್ದರೆ ಹಿಂದಕ್ಕೆ ಬನ್ನಿ. ಕಿಟಕಿಯ ಮೇಲ್ಭಾಗದಲ್ಲಿ ‘ನ್ಯೂ ಔಟ್‌ಲುಕ್’ ಎಂಬ ಸ್ವಿಚ್ ಇದ್ದರೆ ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಹೆಲ್ಪ್ ಮೆನುವಿನಲ್ಲಿ ಕ್ಲಾಸಿಕ್‌ಗೆ ಹೋಗುವ ಬಟನ್ ಹುಡುಕಿ.

3. ತಾನಾಗಿ ದಾಟಿಸುವುದನ್ನು ನಿಲ್ಲಿಸಿ. ಇದಕ್ಕೆ ಮೈಕ್ರೋಸಾಫ್ಟ್ ತಾನೇ ಒಂದು ವ್ಯವಸ್ಥೆ ಕೊಟ್ಟಿದೆ. ವಿಂಡೋಸ್ ರಿಜಿಸ್ಟ್ರಿಯಲ್ಲಿ ಬಳಕೆದಾರರ ಪಾಲಿಸಿ ವಿಭಾಗದ ಔಟ್‌ಲುಕ್ ಪ್ರಿಫರೆನ್ಸಸ್ ಎಂಬಲ್ಲಿ ‘ನ್ಯೂ ಔಟ್‌ಲುಕ್ ಮೈಗ್ರೇಷನ್ ಯೂಸರ್ ಸೆಟ್ಟಿಂಗ್’ ಎಂಬ ಮೌಲ್ಯವನ್ನು ಸೇರಿಸಿ ಅದಕ್ಕೆ 0 ಕೊಡಬೇಕು. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು. ಹತ್ತಾರು ಕಂಪ್ಯೂಟರುಗಳಿರುವ ಕಚೇರಿಯಲ್ಲಿ ಗ್ರೂಪ್ ಪಾಲಿಸಿಯಿಂದ ಎಲ್ಲಕ್ಕೂ ಒಟ್ಟಿಗೆ ಮಾಡಬಹುದು. ವಿಂಡೋಸ್ ಹೋಮ್ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿ ಎಡಿಟರ್ ಇರುವುದಿಲ್ಲ, ಅಲ್ಲಿ ರಿಜಿಸ್ಟ್ರಿಯೇ ದಾರಿ. ಈ ಸೆಟ್ಟಿಂಗ್ ಒಬ್ಬ ಬಳಕೆದಾರರಿಗೆ ಮಾತ್ರ ಅನ್ವಯಿಸುತ್ತದೆ. ಒಂದೇ ಕಂಪ್ಯೂಟರನ್ನು ಮೂವರು ಬೇರೆ ಬೇರೆ ಲಾಗಿನ್‌ನಲ್ಲಿ ಬಳಸಿದರೆ ಮೂರು ಸಲ ಮಾಡಬೇಕು.

4. ಸ್ವಿಚ್ಚನ್ನೇ ಮರೆಮಾಡಿ. ಯಾರಾದರೂ ಕುತೂಹಲಕ್ಕೆ ಒತ್ತಿಬಿಡಬಹುದು. ‘ಹೈಡ್ ನ್ಯೂ ಔಟ್‌ಲುಕ್ ಟಾಗಲ್’ ಎಂಬ ಇನ್ನೊಂದು ಮೌಲ್ಯಕ್ಕೆ 1 ಕೊಟ್ಟರೆ ಕ್ಲಾಸಿಕ್‌ನಲ್ಲಿ ಆ ಸ್ವಿಚ್ ಕಾಣುವುದಿಲ್ಲ.

5. ಬೇಡವಾದರೆ ಹೊಸದನ್ನು ತೆಗೆದುಹಾಕಿ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ ಅದನ್ನು ಅನ್‌ಇನ್‌ಸ್ಟಾಲ್ ಮಾಡಬಹುದು. ಎಲ್ಲ ಬಳಕೆದಾರರಿಗೂ ಒಟ್ಟಿಗೆ ತೆಗೆಯಲು ಪವರ್‌ಶೆಲ್ ಆದೇಶ ಬೇಕು, ಅದನ್ನು ತಿಳಿದವರಿಗೇ ಬಿಡಿ.

ರಿಜಿಸ್ಟ್ರಿ ಎಂದರೆ ವಿಂಡೋಸ್‌ನ ಮೂಲ ಲೆಡ್ಜರ್ ಇದ್ದಂತೆ. ತಪ್ಪು ಜಾಗದಲ್ಲಿ ಒಂದು ನಮೂದು ಬಿದ್ದರೆ ಇಡೀ ತಾಳೆಪಟ್ಟಿ ಕೆಡುತ್ತದೆ. ಕೈ ಹಾಕುವ ಮೊದಲು ಅದರ ಪ್ರತಿಯನ್ನೂ ಉಳಿಸಿಕೊಳ್ಳಿ.

ಮಾಡಬಾರದ ತಪ್ಪು

ಬೇಸತ್ತ ಕೆಲವರು ವಿಂಡೋಸ್ ಅಪ್‌ಡೇಟನ್ನೇ ಪೂರ್ತಿ ನಿಲ್ಲಿಸಿಬಿಡುತ್ತಾರೆ. ಇದು ಸೊಳ್ಳೆ ಬರುತ್ತದೆಂದು ಕಿಟಕಿಯ ಜೊತೆ ಉಸಿರಾಟವನ್ನೂ ನಿಲ್ಲಿಸಿದಂತೆ. 2017ರ ಮೇ ತಿಂಗಳಲ್ಲಿ ವಾನ್ನಕ್ರೈ ಎಂಬ ವೈರಸ್ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದನ್ನು ತಡೆಯುವ ಅಪ್‌ಡೇಟ್ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದೆ ಬಿಟ್ಟವರು ಸಿಕ್ಕಿಬಿದ್ದರು.

ಆದ್ದರಿಂದ ಒಂದು ಸರಳ ನಿಯಮ ಇಟ್ಟುಕೊಳ್ಳೋಣ. ರಂಧ್ರ ಮುಚ್ಚುವ ಅಪ್‌ಡೇಟ್ ತಕ್ಷಣ ಬೇಕು. ಕೆಲಸದ ರೀತಿಯನ್ನೇ ಬದಲಿಸುವ ಅಪ್‌ಗ್ರೇಡ್ ನಾವು ಸಿದ್ಧರಾದ ಮೇಲೆ ಬರಲಿ. ಬೇರೆ ಕೆಲವು ತಯಾರಕರು ಈ ವ್ಯತ್ಯಾಸವನ್ನು ಮೊದಲೇ ಒಪ್ಪಿಕೊಂಡಿದ್ದಾರೆ. ಉಚಿತ ಇಮೇಲ್ ಪ್ರೋಗ್ರಾಂ ಆದ ಥಂಡರ್‌ಬರ್ಡ್‌ಗೆ ಇಎಸ್‌ಆರ್ ಎಂಬ ಆವೃತ್ತಿ ಇದೆ. ಅದರಲ್ಲಿ ಭದ್ರತೆಯ ತಿದ್ದುಪಡಿಗಳು ಆಗಾಗ ಬರುತ್ತವೆ, ದೊಡ್ಡ ಬದಲಾವಣೆ ವರ್ಷಕ್ಕೊಮ್ಮೆ ಮಾತ್ರ.

ಎಷ್ಟು ದಿನ ತಡೆಯಬಹುದು?

ಶಾಶ್ವತವಾಗಿ ಅಲ್ಲ. ಕ್ಲಾಸಿಕ್ ಔಟ್‌ಲುಕ್‌ಗೆ ಕನಿಷ್ಠ 2029ರವರೆಗೆ ಬೆಂಬಲ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ನಾವು ಬಿ.ಕಾಂ. ಮುಗಿಸಿ ಕೆಲಸ ಹುಡುಕುವ ಕಾಲಕ್ಕೆ ಆ ವರ್ಷ ಬಂದಿರುತ್ತದೆ. ಮೇಲೆ ಹೇಳಿದ 0 ಮತ್ತು 1 ನಮಗೆ ಸಮಯವನ್ನು ಮಾತ್ರ ತಂದುಕೊಡುತ್ತವೆ. ಆ ಸಮಯದಲ್ಲಿ ಕಚೇರಿ ತನ್ನ ಹಳೆಯ ಪತ್ರಗಳನ್ನು ಜೋಡಿಸಿಡಬೇಕು, ಜೋಡಣೆಗಳಿಗೆ ಬದಲಿ ಹುಡುಕಬೇಕು, ಒಂದು ಕಂಪ್ಯೂಟರಿನಲ್ಲಿ ಹೊಸದನ್ನು ಪ್ರಯತ್ನಿಸಿ ನೋಡಬೇಕು. ಆಮೇಲೆ ತಿಂಗಳ ಮೊದಲ ವಾರದಲ್ಲೋ, ಕೆಲಸ ಕಡಿಮೆ ಇರುವ ಒಂದು ಶನಿವಾರವೋ ತಾನೇ ದಿನ ಗೊತ್ತುಮಾಡಿ ಬದಲಾಗಬೇಕು.

ಬದಲಾವಣೆ ಹೇಗಿದ್ದರೂ ಬರುತ್ತದೆ. ಅದು 19ನೇ ತಾರೀಖಿನ ಬೆಳಿಗ್ಗೆ ಕೇಳದೆ ಬರದಂತೆ ನೋಡಿಕೊಂಡರೆ ಸಾಕು.