ಎಲೆ ಬಾಡಿದೆಯೇ? ಬೇರು ನೋಡಿ

ಊರು ಬಿಟ್ಟು ಬಂದವರ ಬಾಲ್ಕನಿಗಳನ್ನು ಗಮನಿಸಿದ್ದೀರಾ? ಪುಣೆಯ ಹಿಂಜವಡಿ ಇರಲಿ, ಹೈದರಾಬಾದಿನ ಗಚ್ಚಿಬೌಲಿ ಇರಲಿ, ಕನ್ನಡಿಗರ ಮನೆಯಲ್ಲಿ ಮೂರು ಕುಂಡಗಳಂತೂ ಕಣ್ಣಿಗೆ ಬೀಳುತ್ತವೆ: ತುಳಸಿ, ದೊಡ್ಡಪತ್ರೆ, ಮಲ್ಲಿಗೆ. ಎಷ್ಟೋ ಸಲ ಅವು ಊರಿನ ಹಿತ್ತಲಿನಿಂದಲೇ ಬಂದಿರುತ್ತವೆ. ಬೇರಿನ ಸುತ್ತ ಒಂದು ಹಿಡಿ ಮಣ್ಣು ಮೆತ್ತಿ, ಖಾಲಿ ಹಾಲಿನ ಪ್ಯಾಕೆಟ್ಟಿನಲ್ಲಿ ಅಮ್ಮನೋ ಅತ್ತೆಯೋ ಕಟ್ಟಿಕೊಟ್ಟಿರುತ್ತಾರೆ. ಅಂಥ ಗಿಡ ಬಾಡತೊಡಗಿದರೆ, ‘ಹೋಗಲಿ ಬಿಡು, ನರ್ಸರಿಯಿಂದ ಇನ್ನೊಂದು ತಂದರಾಯಿತು’ ಎನ್ನಲು ಮನಸ್ಸು ಬರುವುದಿಲ್ಲ.

ಗಿಡ ಬಾಡಿದಾಗ ಹೆಚ್ಚಿನವರ ಕೈ ಹೋಗುವುದು ನೀರಿನ ಚೊಂಬಿಗೆ. ಅದರಿಂದ ಸರಿಹೋಗದಿದ್ದರೆ ಗೊಬ್ಬರಕ್ಕೆ. ಆದರೆ ಬೇರಿಗೆ ಹುಳು ಬಿದ್ದ ಗಿಡವೂ ನೀರಿಲ್ಲದ ಗಿಡದ ಹಾಗೆಯೇ ಬಾಡುತ್ತದೆ. ಮಣ್ಣಿನಲ್ಲಿ ನೀರಿದ್ದರೂ ಹೀರಲು ಬೇರಿಗೆ ಆಗುವುದಿಲ್ಲ, ಅಷ್ಟೆ. ಆಗ ಸುರಿಯುವ ಪ್ರತಿ ಚೊಂಬು ನೀರೂ ಉಳಿದ ಬೇರನ್ನು ಕೊಳೆಸುತ್ತದೆ. ಆಫೀಸಿನಲ್ಲಿ ಸರ್ವರ್ ಕೈಕೊಟ್ಟರೆ ರೂಟ್ ಕಾಸ್ ಹುಡುಕುತ್ತಾ ಕೂರುವ ನಾವು, ಬಾಲ್ಕನಿಯಲ್ಲಿ ಆ ಮಾತನ್ನು ಅಕ್ಷರಶಃ ಪಾಲಿಸಬೇಕು.

ನೋಡುವುದು ಸುಲಭ. ನೆಲಕ್ಕೆ ಹಳೆಯ ಪತ್ರಿಕೆ ಹಾಸಿ. ಮಣ್ಣು ತುಸು ತೇವವಿದ್ದಾಗ ಕುಂಡವನ್ನು ಅಡ್ಡ ಮಲಗಿಸಿ, ಗಿಡದ ಬುಡವನ್ನು ಬೆರಳ ಸಂದಿಯಲ್ಲಿ ಹಿಡಿದು, ಕುಂಡದ ತಳವನ್ನು ತಟ್ಟಿದರೆ ಮಣ್ಣಿನ ಹೆಂಟೆ ಇಡಿಯಾಗಿ ಹೊರಬರುತ್ತದೆ. ಬೇರು ಬಿಳಿ ಅಥವಾ ತಿಳಿಕಂದು ಬಣ್ಣಕ್ಕಿದ್ದು ಗಟ್ಟಿಯಾಗಿದ್ದರೆ ಆರೋಗ್ಯವಾಗಿದೆ. ಕಪ್ಪಾಗಿ, ಲೋಳೆಯಾಗಿ, ನಾತ ಬರುತ್ತಿದ್ದರೆ ಕೊಳೆತಿದೆ. ನೀರು ಕಡಿಮೆ ಮಾಡಬೇಕು. ಇವೆರಡೂ ಅಲ್ಲದಿದ್ದರೆ ಈ ನಾಲ್ವರಲ್ಲಿ ಒಬ್ಬರು ಅಲ್ಲಿರಬಹುದು.

ಕಪ್ಪು ನುಸಿ

ಕುಂಡ ಅಲ್ಲಾಡಿಸಿದರೆ ಮಣ್ಣಿನಿಂದ ಎದ್ದು ಮುಖದ ಸುತ್ತ ಹಾರುವ, ಸೊಳ್ಳೆಗಿಂತ ಚಿಕ್ಕ ನುಸಿ ಇದು. ಗಿಡ ಬೆಳೆಸುವವರು ಫಂಗಸ್ ನ್ಯಾಟ್ ಎನ್ನುತ್ತಾರೆ. ಹಾರುವ ನುಸಿ ಗಿಡಕ್ಕೆ ಏನೂ ಮಾಡದು, ಕಾಟವೆಲ್ಲ ಅದರ ಮರಿಗಳದ್ದು. ಸುಮಾರು 5 ಮಿ.ಮೀ. ಉದ್ದ, ಗಾಜಿನಂಥ ಮೈ, ಕಪ್ಪು ತಲೆ. ಮೇಲಿನ ಒಂದೆರಡು ಇಂಚು ಒದ್ದೆ ಮಣ್ಣಿನಲ್ಲಿ ಬೂಸ್ಟು ತಿಂದು ಬೆಳೆಯುವ ಇವು ಸಂಖ್ಯೆ ಹೆಚ್ಚಾದಾಗ ಎಳೆ ಬೇರಿಗೂ ಬಾಯಿ ಹಾಕುತ್ತವೆ. ಹಸಿ ಆಲೂಗಡ್ಡೆಯ ಒಂದು ಬಿಲ್ಲೆಯನ್ನು ಮಣ್ಣಿನ ಮೇಲಿಟ್ಟು ಎರಡು ದಿನ ಬಿಟ್ಟು ತಿರುಗಿಸಿ. ಮರಿಗಳಿದ್ದರೆ ಅಡಿಗೆ ಅಂಟಿಕೊಂಡಿರುತ್ತವೆ.

ಮದ್ದು ಎಂದರೆ ಒಣ ಮಣ್ಣು. ಮೇಲಿನ ಒಂದು ಇಂಚು ಒಣಗಿದ ಮೇಲಷ್ಟೇ ನೀರು ಹಾಕಿ. ಹಾರುವ ನುಸಿಗೆ ಹಳದಿ ಅಂಟುಹಾಳೆ ಸಾಕು. ಮೊಟ್ಟೆಯಿಂದ ನುಸಿಯಾಗುವುದಕ್ಕೆ ಮೂರ್ನಾಲ್ಕು ವಾರ ಬೇಕಾಗುವುದರಿಂದ ಈ ಪಥ್ಯವನ್ನು ಒಂದು ತಿಂಗಳಾದರೂ ನಡೆಸಬೇಕು. ಪುಣೆಯ ಮಳೆಗಾಲದಲ್ಲಿ ಕೋಕೋಪೀಟ್ ತುಂಬಿದ ಕುಂಡ ಒಣಗುವುದೇ ಇಲ್ಲ. ಅಂಥ ಕಡೆ ಸೊಳ್ಳೆ ಮರಿಗಳ ನಿಯಂತ್ರಣಕ್ಕೆ ಬಳಸುವ ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ನೀರಿಗೆ ಬೆರೆಸಿ ಹಾಕಬಹುದು.

ಹಿಟ್ಟು ತಿಗಣೆ

ದಾಸವಾಳದ ಕುಡಿಯಲ್ಲಿ ಬಿಳಿ ಹತ್ತಿಯಂತೆ ಕೂರುವ ಹಿಟ್ಟು ತಿಗಣೆ ಗೊತ್ತಲ್ಲ, ಅದರ ದಾಯಾದಿಗಳು ಮಣ್ಣಿನೊಳಗೂ ಇವೆ. ಬೇರಿನ ಮೇಲೆ, ಕುಂಡದ ಒಳಗೋಡೆಗೆ ಅಂಟಿಕೊಂಡ ಬಿಳಿ ಪುಡಿಯನ್ನು ಎಷ್ಟೋ ಜನ ಉಪ್ಪೋ ಬೂಸ್ಟೋ ಎಂದು ಬಿಟ್ಟುಬಿಡುತ್ತಾರೆ. ಭೂತಗನ್ನಡಿಯಲ್ಲಿ ನೋಡಿದರೆ ಕಾಲು ಕಾಣುತ್ತವೆ. ಲೋಳೆಸರ, ಕಳ್ಳಿ ಜಾತಿಯ ಗಿಡಗಳೆಂದರೆ ಇವಕ್ಕೆ ಇಷ್ಟ. ಕುಂಡದ ಸುತ್ತ ಇರುವೆ ಸಾಲು ಕಂಡರೆ ಒಮ್ಮೆ ಬೇರು ನೋಡುವುದು ಒಳ್ಳೆಯದು, ತಿಗಣೆ ಸುರಿಸುವ ಸಿಹಿ ಅಂಟಿಗೆ ಇರುವೆ ಕಾವಲು ನಿಲ್ಲುತ್ತದೆ.

ಅಂಗಡಿಯಲ್ಲಿ ಕೇಳಲು ಹೆಸರು ಕಷ್ಟವಿಲ್ಲ. ಮರಾಠಿಯಲ್ಲಿ ಪಿಠ್ಯಾ ಢೇಕೂಣ್, ತೆಲುಗಿನಲ್ಲಿ ಪಿಂಡಿ ನಲ್ಲಿ, ತಮಿಳಿನಲ್ಲಿ ಮಾವುಪ್ಪೂಚ್ಚಿ. ಎಲ್ಲ ಭಾಷೆಯವರಿಗೂ ಇದು ಹಿಟ್ಟಿನ ಹುಳುವಾಗಿಯೇ ಕಂಡಿದೆ. ಹಳೆಯ ಮಣ್ಣನ್ನೆಲ್ಲ ಕಸಕ್ಕೆ ಹಾಕಿ, ನಲ್ಲಿಯ ಕೆಳಗೆ ಬೇರು ತೊಳೆದು, ಹಾಳಾದ ಬೇರು ಕತ್ತರಿಸಿ, ಕುಂಡವನ್ನು ಕುದಿನೀರಿನಲ್ಲಿ ತೊಳೆದು ಹೊಸ ಮಣ್ಣಿನಲ್ಲಿ ನೆಡಿ. ಎರಡು ಮೂರು ವಾರ ಬಿಟ್ಟು ಮತ್ತೆ ನೋಡಿ. ಹಲವು ಕುಂಡಗಳನ್ನು ಒಂದೇ ತಟ್ಟೆಯಲ್ಲಿ ಇಡಬೇಡಿ, ಕೆಳಗಿನ ತೂತಿನಿಂದ ಹೊರಟು ಅವು ಪಕ್ಕದ ಕುಂಡ ಸೇರುತ್ತವೆ.

ಗೊಣ್ಣೆ ಹುಳು

ಕಬ್ಬು, ಅಡಿಕೆ ಬೆಳೆಯುವ ಊರಿನವರಿಗೆ ಇದರ ಪರಿಚಯ ಹೇಳಬೇಕಿಲ್ಲ. ಪುಣೆಯ ಮಾಲಿಗಳು ಹುಮಣಿ ಎನ್ನುತ್ತಾರೆ. ಕಂದು ತಲೆಯ, ಕೊಡಲಿಯ ಬಾಯಂತೆ ಬಾಗಿದ ದಪ್ಪ ಬಿಳಿ ಹುಳು. ಹತ್ತನೇ ಮಹಡಿಗೆ ಇದು ಹತ್ತಿ ಬರುವುದು ಹೆಚ್ಚಾಗಿ ಅರೆ ಕಳಿತ ಸಗಣಿ ಗೊಬ್ಬರದ ಚೀಲದಲ್ಲಿ. ಒಂದೆರಡು ಹುಳು ಸಾಕು, ಚಿಕ್ಕ ಕುಂಡದ ಬೇರನ್ನೆಲ್ಲ ಮುಗಿಸಲು. ಕೈಯಿಂದ ಹೆಕ್ಕಿ ತೆಗೆಯುವುದೇ ಉಪಾಯ. ಗೊಬ್ಬರ ತಂದಾಗ ಹರಡಿ, ಬೆರಳಾಡಿಸಿ ನೋಡಿ ಬಳಸಿದರೆ ಮುಂದಿನ ತೊಂದರೆಯಿಲ್ಲ.

ಬೇರುಗಂಟು

ನಾಲ್ಕರಲ್ಲಿ ಇದು ಕಠಿಣ. ಇದನ್ನು ತರುವ ಜಂತುಹುಳು ಹುಟ್ಟಿದಾಗ ಅರ್ಧ ಮಿ.ಮೀ.ಗಿಂತ ಚಿಕ್ಕದು, ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಅದು ಬೇರಿನೊಳಗೆ ಹೊಕ್ಕು ಎಬ್ಬಿಸಿದ ಗಂಟುಗಳು. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಬೆಚ್ಚಗಿನ ಮಣ್ಣಿನಲ್ಲಿ ಸುಮಾರು ಒಂದು ತಿಂಗಳಿಗೆ ಹೊಸ ಪೀಳಿಗೆ. ತುಳಸಿ, ಬದನೆ, ಟೊಮೆಟೊ ಇದಕ್ಕೆ ಬೇಗ ಸಿಗುತ್ತವೆ. ಅವರೆ, ಅಲಸಂದೆಯ ಬೇರಿನಲ್ಲಿ ಸಹಜವಾಗಿಯೇ ಇರುವ ಗಂಟು ಬೇರೆ, ಅದು ಉಜ್ಜಿದರೆ ಉದುರುತ್ತದೆ. ಇದು ಬೇರೇ ಊದಿಕೊಂಡಿರುವುದು, ಉದುರುವುದಿಲ್ಲ.

ನಮ್ಮ ಸೊಸೈಟಿಯಲ್ಲಿ ಧಾರವಾಡದ ಕಾಕು ಒಬ್ಬರಿದ್ದಾರೆ. ಅವರ ತುಳಸಿ ತವರಿನದು. ತವರುಮನೆ ಈಗ ಮಾರಾಟವಾಗಿದೆ, ಉಳಿದಿರುವುದು ಕುಂಡದಲ್ಲಿರುವುದೊಂದೇ. ‘ದಿನಾ ನೀರ್ ಹಾಕ್ತೀನಿ, ಆದ್ರೂ ಮಧ್ಯಾಹ್ನ ಆಗೂದ್ರಾಗ ಜೋಲು ಬೀಳ್ತದ ನೋಡಪಾ’ ಎಂದರು. ಬೇರು ನೋಡೋಣ ಎಂದರೆ, ‘ಇವತ್ತ ದ್ವಾದಶಿ, ತುಳಸಿ ಮುಟ್ಟೂದು ಬ್ಯಾಡ, ನಾಳೆ ನೋಡೂಣು’ ಎಂದರು. ಮರುದಿನ ತೆಗೆದಾಗ ಬೇರಿನ ತುಂಬ ಮಣಿ ಪೋಣಿಸಿದಂತೆ ಗಂಟು.

ಅಷ್ಟು ಗಂಟು ಬಿದ್ದ ಬೇರನ್ನು ಮನೆಯಲ್ಲಿ ವಾಸಿ ಮಾಡಲಾಗದು. ಆದರೆ ಈ ಹುಳು ಇರುವುದು ಬೇರಿನಲ್ಲಿ ಮತ್ತು ಮಣ್ಣಿನಲ್ಲಿ. ಮೇಲಿನ ಟೊಂಗೆಯಲ್ಲಿ ಇರುವುದಿಲ್ಲ. ಮಣ್ಣಿನಿಂದ ಒಂದು ಗೇಣು ಮೇಲೆ ಎಳೆಯ ಕುಡಿಗಳನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಲೋಟದ ನೀರಿನಲ್ಲಿ ಇಟ್ಟೆವು. ಎರಡು ದಿನಕ್ಕೊಮ್ಮೆ ಕಾಕು ನೀರು ಬದಲಿಸಿದರು. ಎರಡು ವಾರದಲ್ಲಿ ಐದರಲ್ಲಿ ಮೂರು ಬೇರು ಬಿಟ್ಟವು. ಹೊಸ ಮಣ್ಣು, ಹೊಸ ಕುಂಡ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಗಿಡ ಅದೇ, ತವರಿನದೇ.

ನರ್ಸರಿಯವರು ಕಾರ್ಬೊಫ್ಯುರಾನ್ ಹರಳು ಕೊಡಲು ಬಂದರೆ ಬೇಡ ಎನ್ನಿ. ಅದು ಬಹಳ ವಿಷ. ಮಗುವಿನ ಶೀತಕ್ಕೆ ಹಿಂಡುವ ದೊಡ್ಡಪತ್ರೆಗೆ, ತೀರ್ಥಕ್ಕೆ ಹಾಕುವ ತುಳಸಿಗೆ ಅದನ್ನು ಹಾಕಬಾರದು. ಗಂಟು ಬಿದ್ದ ಗಿಡದ ಮಣ್ಣನ್ನು ಬೇರೆ ಕುಂಡಕ್ಕೂ ಸೊಸೈಟಿಯ ತೋಟಕ್ಕೂ ಸುರಿಯಬೇಡಿ. ಮಣ್ಣು ಬೇಕೇಬೇಕೆಂದರೆ ಒದ್ದೆ ಮಾಡಿ, ತೆಳ್ಳಗೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಏಪ್ರಿಲ್-ಮೇ ಬಿಸಿಲಿನಲ್ಲಿ ನಾಲ್ಕರಿಂದ ಆರು ವಾರ ಕಾಯಿಸಿ.

ಮುಂದಿನ ಸಲ ಊರಿಗೆ ಹೋದಾಗ ಇದನ್ನು ನೆನಪಿಡಿ. ಬೇರಿಗೆ ಮೆತ್ತಿದ ಮಣ್ಣಿನ ಮೇಲೆ ನಮಗೆ ಮಮತೆ ಇರುತ್ತದೆ, ನಿಜ. ಆದರೆ ಹುಳು ಪ್ರಯಾಣ ಮಾಡುವುದೂ ಅದರಲ್ಲೇ. ದೊಡ್ಡಪತ್ರೆ, ತುಳಸಿ, ಮಲ್ಲಿಗೆಯ ಕಡ್ಡಿ ತನ್ನಿ. ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ಒಂದು ರಾತ್ರಿಯ ಪ್ರಯಾಣ ತಡೆದುಕೊಳ್ಳುತ್ತವೆ. ಮಲ್ಲಿಗೆಗೆ ನೀರಿಗಿಂತ ದಪ್ಪ ಮರಳು ವಾಸಿ. ಕರಿಬೇವು ಕಡ್ಡಿಯಿಂದ ಸುಲಭಕ್ಕೆ ಬರುವುದಿಲ್ಲ, ಹಣ್ಣು ತಂದು ತಿರುಳು ತೊಳೆದು ಕೂಡಲೇ ಬಿತ್ತಿ. ಮತ್ತು ಒಂದು ಕಡ್ಡಿಯನ್ನು ಪಕ್ಕದ ಮನೆಯವರಿಗೂ ಕೊಡಿ. ಕಾಕು ಅವರ ಮೂರು ಸಸಿಗಳಲ್ಲಿ ಒಂದು ಈಗ ನಮ್ಮ ಬಾಲ್ಕನಿಯಲ್ಲಿದೆ. ನಾಳೆ ಅವರ ಕುಂಡಕ್ಕೆ ಏನಾದರೂ ಆದರೆ ಇಲ್ಲಿಂದ ಕಡ್ಡಿ ಹೋಗುತ್ತದೆ.