‘ಶಾನುಭೋಗ’ ಎಂಬ ಹೆಸರಿನ ಹಿನ್ನೆಲೆ

ವೃತ್ತಿಯೇ ಹೆಸರಾಗಿ ನಿಲ್ಲುವುದು ಹಲವು ನಾಡುಗಳ ವಾಡಿಕೆ. ಹಂಗೇರಿಯಲ್ಲಿ ಹೇರಳವಾಗಿರುವ ‘ಕೊವಾಚ್’ ಎಂಬ ಮನೆತನದ ಹೆಸರಿಗೆ ಕಮ್ಮಾರನೆಂದೇ ಅರ್ಥ. ನಮ್ಮಲ್ಲಿ ‘ಶಾನುಭೋಗ’ ಅಂಥದೊಂದು ಶಬ್ದ. ಇದರ ಪೂರ್ವರೂಪ ಶಾಸನಗಳ ‘ಸೇನಬೋವ’. ಊರ ಲೆಕ್ಕ ಬರೆಯುವವನೇ ದಾನಶಾಸನದ ಪಾಠವನ್ನೂ ಬರೆದು, ಕಡೆಯಲ್ಲಿ ತನ್ನ ಹೆಸರನ್ನು ಕಾಣಿಸಿರುವುದುಂಟು. ‘ಬೋವ’ವು ‘ಭೋಗ’ವಾದುದು ಸಂಸ್ಕೃತಶಬ್ದದ ಹೋಲಿಕೆಯಿಂದಿರಬೇಕು, ಆ ವೃತ್ತಿಯಲ್ಲಿ ಭೋಗಕ್ಕಿಂತ ಬರವಣಿಗೆಯ ದುಡಿಮೆಯೇ ಹೆಚ್ಚು.

ಹುಣಿಸೆಬೀಜದ ಸರಿಯಲ್ಲಿ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಅದೇ ಕಡತ. ಅದರ ಮೇಲೆ ಬಳಪದಿಂದ ಬರೆದ ಲೆಕ್ಕವನ್ನು ಬೇಕಾದಾಗ ಒರಸಿ ತಿದ್ದಬಹುದಾಗಿತ್ತು. ಕಂದಾಯವೆಷ್ಟು, ಬಾಕಿಯೆಷ್ಟು, ಯಾವ ಹೊಲ ಯಾರದು ಎಂಬುದೆಲ್ಲ ಅದರಲ್ಲಿ ಅಡಗಿರುತ್ತಿತ್ತು. ಗೌಡನ ಮಾತಿಗೂ ಶಾನುಭೋಗನ ಬರಹಕ್ಕೂ ಹಳ್ಳಿ ತಲೆಬಾಗಿದುದು ಇದರಿಂದಲೇ.

ಉತ್ತರ ಕನ್ನಡದ ಕಡೆ ‘ಶಾನಭಾಗ’ವು ಅಡ್ಡಹೆಸರಾಗಿ ಉಳಿದಿದೆ, ಧಾರವಾಡ, ಬೆಳಗಾವಿ ಸೀಮೆಗಳಲ್ಲಿ ಅದೇ ವೃತ್ತಿಗೆ ‘ಕುಲಕರ್ಣಿ’ ಎಂದು ಹೆಸರು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕಥೆ ಬೇರೆ. ಊರಿನ ಹಾಗೂ ತಂದೆಯ ಹೆಸರುಗಳ ಮೊದಲಕ್ಷರಗಳನ್ನೇ ಬಳಸುವ ಹಳೆಯ ಮೈಸೂರಿನಲ್ಲಿ ಅಡ್ಡಹೆಸರಿಗೆ ಎಡೆಯೇ ಕಡಿಮೆ. ಇಲ್ಲಿ ‘ಶಾನುಭೋಗರ ಮನೆ’ ಎಂಬುದು ಗುರುತಿನ ಮಾತು, ಸಹಿಯಲ್ಲಿ ಬರುವ ಮಾತಲ್ಲ.

ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ರದ್ದುಪಡಿಸುವ 1961ರ ಕಾಯಿದೆಯು 1963ರಲ್ಲಿ ಜಾರಿಗೆ ಬಂದಿತು. ಶಾನುಭೋಗರ ಕೆಲಸ ಸರಕಾರದ ಗ್ರಾಮಲೆಕ್ಕಿಗರಿಗೆ ಹೋಯಿತು. ಅಡ್ಡಹೆಸರಿದ್ದ ಕಡೆ ವೃತ್ತಿ ಹೋದರೂ ಶಬ್ದವುಳಿಯಿತು. ಈ ಸೀಮೆಯಲ್ಲಿ ಅದನ್ನು ಹಿಡಿದಿಟ್ಟಿರುವುದು ಹಿರಿಯರ ಬಾಯಿಮಾತು, ಅಟ್ಟದ ಮೇಲೆ ಮಡಿಕೆ ಬಿಚ್ಚದೆ ಬಿದ್ದಿರುವ ಕಡತ.